ದೀಪ ಆರಿಸೋದನ್ನ ಮೊದಲು ಕಲೀರಿ: ಮನೆಯಲ್ಲೇ ಮಾಡೋ ಚಲಿಸೋ ದೀಪಾಲಂಕಾರ, ಓದುಗರ ಪ್ರಶ್ನೆಗಳಿಗೆ ಉತ್ತರ

ಹಬ್ಬ ಹತ್ರ ಬರ್ತಿದ್ದ ಹಾಗೆ ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ದೀಪದ ವಿಷಯ ಜಾಸ್ತಿ ಆಗುತ್ತೆ. ಈ ಸಲ ಬಂದಿರೋದ್ರಲ್ಲಿ ಹೆಚ್ಚಿನವರು ಕೇಳಿರೋದು ದೀಪದಲ್ಲಿ ಹಕ್ಕಿ ಹಾರಿಸೋದು, ಚಕ್ರ ತಿರುಗಿಸೋದು, ಹಾಡಿಗೆ ತಕ್ಕ ಹಾಗೆ ಗೋಡೆ ಪೂರ್ತಿ ಕುಣಿಸೋದು ಹೇಗೆ ಅಂತ, ಅದೂ ರೆಡಿಮೇಡ್ ತರದೆ ಸ್ವಂತ ಕೈಯಲ್ಲಿ ಮಾಡೋದು. ನನಗೆ ತುಂಬಾ ಇಷ್ಟವಾದ ವಿಷಯ ಇದು, ಅದಕ್ಕೇ ಇಡೀ ಅಂಕಣ ಇದಕ್ಕೇ ಇಟ್ಟಿದ್ದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ.

ಪ್ರಶ್ನೆ: ಸರ್, ಪ್ರತಿ ಹಬ್ಬಕ್ಕೂ ಸೀರಿಯಲ್ ಸೆಟ್ ಜಾಸ್ತಿ ಮಾಡ್ತಾನೇ ಬಂದಿದ್ದೀನಿ, ಆದ್ರೂ ನೋಡಿದ್ರೆ ಬರೀ ಪಳಪಳ ಅನ್ನುತ್ತೆ ಅಷ್ಟೇ, ಯಾವುದೂ ಓಡಿದ ಹಾಗೆ ಕಾಣಲ್ಲ. ಆನಿಮೇಷನ್ ಅನ್ನಿಸಬೇಕು ಅಂದ್ರೆ ಇನ್ನೂ ಎಷ್ಟು ಬಲ್ಬ್ ಬೇಕಾಗುತ್ತೆ?

ಉತ್ತರ: ಇನ್ನು ಒಂದೂ ಬೇಡ. ಇರೋ ಬಲ್ಬಲ್ಲೇ ಯಾವುದನ್ನ ಯಾವಾಗ ಆರಿಸ್ಬೇಕು ಅಂತ ಯೋಚನೆ ಮಾಡಿ, ಯಾಕಂದ್ರೆ ಒಂದು ದೀಪ ಆರಿ ಅದರ ಪಕ್ಕದ್ದು ಹತ್ತಿದಾಗಲೇ ಕಣ್ಣಿಗೆ ಏನೋ ಸರೀತು ಅನ್ನಿಸೋದು, ಎಲ್ಲಾ ಹತ್ತಿಕೊಂಡೇ ಇದ್ರೆ ಸರಿಯೋಕೆ ಜಾಗ ಎಲ್ಲಿದೆ ಹೇಳಿ. ಮ್ಯಾಕ್ಸ್ ವರ್ಟ್‌ಹೈಮರ್ ಅನ್ನೋ ಮನಶ್ಶಾಸ್ತ್ರಜ್ಞರು 1912ರಲ್ಲಿ ಇದರ ಬಗ್ಗೇನೇ ಪ್ರಬಂಧ ಬರೆದಿದ್ದಾರೆ. ಎರಡು ಗೆರೆ ಒಂದಾದ ಮೇಲೊಂದು ತೋರಿಸಿದಾಗ ಮಧ್ಯದ ಅಂತರ ಸುಮಾರು 60 ಮಿಲಿಸೆಕೆಂಡ್ ಇದ್ರೆ ಒಂದೇ ಗೆರೆ ಈ ಕಡೆಯಿಂದ ಆ ಕಡೆಗೆ ಹೋದ ಹಾಗೆ ಕಾಣುತ್ತೆ, 30ರ ಹತ್ರ ಇದ್ರೆ ಎರಡೂ ಒಟ್ಟಿಗೇ ಹತ್ತಿದ ಹಾಗೆ, 200ರ ಹತ್ರ ಹೋದ್ರೆ ಎರಡು ಬೇರೆ ಬೇರೆ ಗೆರೆ ಅಂತ ಗೊತ್ತಾಗಿಬಿಡುತ್ತೆ. ನಿಮ್ಮ ದೀಪಗಳ ನಡುವಿನ ದೂರ, ಹೊಳಪು ನೋಡ್ಕೊಂಡು ಇದು ಸ್ವಲ್ಪ ಆಚೀಚೆ ಆಗುತ್ತೆ, ಆದ್ರೆ ಶುರು ಮಾಡೋಕೆ 60ರಿಂದ 120 ಮಿಲಿಸೆಕೆಂಡ್ ಒಳ್ಳೇ ಅಳತೆ.

ಇನ್ನೊಂದು ವಿಷಯ, ಇದನ್ನ ತುಂಬಾ ಜನ ಗಮನಿಸಲ್ಲ. ಎರಡು ಲೈನ್ ಇಟ್ಕೊಂಡು ಒಂದು ಬಿಟ್ಟು ಒಂದು ಹತ್ತಿಸಿದ್ರೆ ದೀಪ ಬಲಕ್ಕೆ ಓಡ್ತಿದ್ಯೋ ಎಡಕ್ಕೆ ಓಡ್ತಿದ್ಯೋ ಕಣ್ಣಿಗೆ ಗೊತ್ತಾಗೋದೇ ಇಲ್ಲ, ಸುಮ್ಮನೆ ಮಿಣುಕುತ್ತೆ. ಮೂರು ಲೈನ್ ಆದ ಕೂಡಲೇ ದಿಕ್ಕು ಬರುತ್ತೆ: ಒಂದನೇ ಬಲ್ಬ್, ನಾಲ್ಕನೇದು, ಏಳನೇದು ಮೊದಲ ಲೈನಿಗೆ, ಎರಡು ಐದು ಎಂಟು ಎರಡನೇದಕ್ಕೆ, ಮೂರು ಆರು ಒಂಬತ್ತು ಮೂರನೇದಕ್ಕೆ, ಆಮೇಲೆ ಕ್ರಮವಾಗಿ ಹತ್ತಿಸ್ತಾ ಹೋಗಿ, ಓಡುತ್ತೆ. ರನ್ನಿಂಗ್ ಲೈಟಿನ ಗುಟ್ಟು ಇಷ್ಟೇ. ಕ್ರಮ ತಿರುಗಿಸಿದ್ರೆ ವಾಪಸ್ ಓಡುತ್ತೆ.

ಹಕ್ಕಿ ಬೇಕು ಅಂದ್ರೆ ಕಂಬಿಯಲ್ಲಿ ಮೈ ಒಂದು ಮಾಡಿ, ರೆಕ್ಕೆ ಮೂರು ಮಾಡಿ: ಮೇಲೆತ್ತಿದ್ದು, ಅಡ್ಡಕ್ಕೆ ಚಾಚಿದ್ದು, ಕೆಳಗಿಳಿಸಿದ್ದು. ಮೂರನ್ನೂ ಒಂದೇ ಭುಜದಿಂದ ಹೊರಡೋ ಹಾಗೆ ಕಟ್ಟಿ. ಮೈ ಯಾವಾಗಲೂ ಹತ್ತಿರುತ್ತೆ, ರೆಕ್ಕೆ ಮಾತ್ರ ಮೇಲೆ, ಮಧ್ಯ, ಕೆಳಗೆ, ಮತ್ತೆ ಮಧ್ಯ ಅಂತ ನಾಲ್ಕು ಹೆಜ್ಜೆ. ಕೆಳಗೆ ಬರೋ ಹೆಜ್ಜೆ ಸ್ವಲ್ಪ ಬೇಗ, ಮೇಲೇಳೋದು ಸ್ವಲ್ಪ ನಿಧಾನ ಇಟ್ರೆ ಹಕ್ಕಿ ಗಾಳಿ ತಳ್ಳಿದ ಹಾಗೆ ಕಾಣುತ್ತೆ, ಎಲ್ಲಾ ಹೆಜ್ಜೆಗೂ ಒಂದೇ ಸಮಯ ಕೊಟ್ರೆ ಯಂತ್ರದ ಹಾಗಿರುತ್ತೆ. ಕಟ್ಟೋ ಮುಂಚೆ ಮೂರು ಹಾಳೇಲಿ ಮೂರು ರೆಕ್ಕೆ ಬರೆದು ಬೇಗ ಬೇಗ ತಿರುವಿ ನೋಡಿ, ಅಲ್ಲೇ ಸರಿ ಕಾಣದೇ ಇದ್ರೆ ದೀಪದಲ್ಲೂ ಕಾಣಲ್ಲ.

ಅಂದಹಾಗೆ ಇದು ಹೊಸ ಹುಚ್ಚೇನೂ ಅಲ್ಲ. ಎಡಿಸನ್ ಜೊತೆ ಕೆಲಸ ಮಾಡ್ತಿದ್ದ ಎಡ್ವರ್ಡ್ ಜಾನ್ಸನ್ ಅನ್ನೋರು 1882ರ ಡಿಸೆಂಬರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬ್ ಹಾಕಿದ್ರು. ಮರದಲ್ಲಿ ವಿದ್ಯುತ್ ದೀಪ ಉರಿದದ್ದು ಅದೇ ಮೊದಲು ಅಂತಾರೆ. ಆ ಮರ ಸುಮ್ಮನೆ ನಿಂತಿರಲಿಲ್ಲ, ತಿರುಗ್ತಿತ್ತು, ತಿರುಗ್ತಾ ತಿರುಗ್ತಾ ಬಲ್ಬ್‌ಗಳು ಆರಿ ಹತ್ತಿ ಬಣ್ಣ ಬದಲಾಗ್ತಿತ್ತು. ಅಂದ್ರೆ ಮೊದಲ ದಿನದಿಂದಲೇ ಜನಕ್ಕೆ ದೀಪ ಉರಿದ್ರೆ ಸಾಲದು, ಅದು ಚಲಿಸ್ಬೇಕು ಅಂತ ಆಸೆ ಇತ್ತು.

ಪ್ರಶ್ನೆ: ಎಂಟು ಚಾನೆಲ್ ರಿಲೇ ಬೋರ್ಡ್ ತಗೊಂಡು ಮೇನ್ಸ್ ಕರೆಂಟಿನ ಸೀರಿಯಲ್ ಸೆಟ್‌ಗಳನ್ನೇ ಓಡಿಸೋಣ ಅಂತಿದ್ದೀನಿ. ಸುಲಭ ಅನ್ನಿಸ್ತಿದೆ, ಸರಿ ಅಲ್ವಾ?

ಉತ್ತರ: ಸುಲಭ ಅನ್ನಿಸೋದು ಮೇಜಿನ ಮೇಲೆ ಇಟ್ಟು ಟಕ್ ಟಕ್ ಅನ್ನಿಸಿ ನೋಡೋವರೆಗೆ ಮಾತ್ರ. ರಿಲೇ ಅಂದ್ರೆ ಬೋರ್ಡು ಹೇಳಿದಾಗ ತಾನೇ ಆನ್ ಆಫ್ ಆಗೋ ಸ್ವಿಚ್, ಚಾನೆಲ್ ಅಂದ್ರೆ ಬೇರೆಯಾಗಿ ನಡೆಸಬಹುದಾದ ಒಂದೊಂದು ಲೈನ್. ಸಣ್ಣ ಮೆಕ್ಯಾನಿಕಲ್ ರಿಲೇಗಳಿಗೆ ಪೂರ್ತಿ ಲೋಡಲ್ಲಿ ಸಾಮಾನ್ಯವಾಗಿ ಒಂದು ಲಕ್ಷ ಸಲ ಆನ್ ಆಫ್ ಆಗೋ ಆಯಸ್ಸು ಕೊಟ್ಟಿರ್ತಾರೆ. ಕೇಳೋಕೆ ದೊಡ್ಡ ಸಂಖ್ಯೆ, ಆದ್ರೆ ಮೂರು ಲೈನಿನ ಓಟದಲ್ಲಿ ಒಂದೊಂದು ರಿಲೇ 0.3 ಸೆಕೆಂಡಿಗೆ ಒಂದ್ಸಲ ಬಡಿಯುತ್ತೆ ಅಂತ ಇಟ್ಕೊಳ್ಳಿ, 30,000 ಸೆಕೆಂಡಿಗೆ ಲಕ್ಷ ಮುಗೀತು, ಅಂದ್ರೆ ಎಂಟೂವರೆ ಗಂಟೆನೂ ಇಲ್ಲ. ಲೋಡ್ ಕಮ್ಮಿ ಇದ್ರೆ ಇದಕ್ಕಿಂತ ಜಾಸ್ತಿ ಬಾಳುತ್ತೆ ನಿಜ, ಆದ್ರೂ ಓಡೋ ದೀಪಕ್ಕೆ ಅದು ಹೇಳಿಮಾಡಿಸಿದ ವಸ್ತು ಅಲ್ಲ. ಗಂಟೆಗೊಂದ್ಸಲ ದೃಶ್ಯ ಬದಲಾಯಿಸೋಕೆ ಬೇಕಾದ್ರೆ ರಿಲೇ ಇಟ್ಕೊಳ್ಳಿ.

ಸಾಲಿಡ್ ಸ್ಟೇಟ್ ರಿಲೇ, ಅಂದ್ರೆ ಬಡಿಯೋ ಭಾಗ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್, ಸದ್ದು ಮಾಡಲ್ಲ, ಸವೆಯಲ್ಲ, ಆದ್ರೆ ಆಫ್ ಇದ್ದಾಗಲೂ ಕೆಲವು ಮಿಲಿಆಂಪ್ ಸೋರುತ್ತೆ, ಎಲ್‌ಇಡಿ ಸೆಟ್ಟಿಗೆ ಅಷ್ಟೇ ಸಾಕು, ಮಂದವಾಗಿ ಉರೀತಾನೇ ಇರುತ್ತೆ, ಕತ್ತಲೆ ಬರೋದೇ ಇಲ್ಲ. ಅದಕ್ಕಿಂತ ಮುಖ್ಯ, ಅದು ಕೆಟ್ರೆ ಬಹುತೇಕ ಆನ್ ಆಗೇ ಕೆಡುತ್ತೆ, ಹಾಗಾಗಿ ಕಂಟ್ರೋಲರ್ (ದೀಪಗಳನ್ನ ನಡೆಸೋ ಬೋರ್ಡ್) ಆಫ್ ಮಾಡಿದ್ದೀನಿ ಅಂತ ನಂಬಿ ವೈರ್ ಮುಟ್ಟೋ ಹಾಗಿಲ್ಲ, ಪ್ಲಗ್ ಕಿತ್ತೇ ಮುಟ್ಟಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮನೆಯಲ್ಲಿ ಮಾಡೋರು ಮೇನ್ಸ್ ಲೈನನ್ನ ಕತ್ತರಿಸಿ ಜೋಡಿಸೋ ಕೆಲಸಕ್ಕೆ ಹೋಗಲೇಬೇಡಿ. ಗೇಟಿಗೆ, ಕಂಬಿಗೆ, ಒದ್ದೆ ನೆಲಕ್ಕೆ ತಾಗೋ ಜಾಗದಲ್ಲಿ ಮಕ್ಕಳು ಕೈ ಹಾಕೋ ಎತ್ತರದಲ್ಲಿ ಫೇಸ್ ವೈರ್ ಹರಿಯೋದು ಬೇಡ. ಒಳ್ಳೇ ಕಂಪನಿಯ 5 ಅಥವಾ 12 ವೋಲ್ಟ್ ಪವರ್ ಸಪ್ಲೈ ಒಂದು ಒಳಗಿಟ್ಟು, ಹೊರಗೆ ಹೋಗೋದೆಲ್ಲಾ ಕಮ್ಮಿ ವೋಲ್ಟೇಜ್ ಮಾಡ್ಕೊಳ್ಳಿ. ಮಾಡೋಕೂ ಸುಲಭ, ಬಣ್ಣಾನೂ ಜಾಸ್ತಿ.

ಪ್ರಶ್ನೆ: ಪಿಕ್ಸೆಲ್ ಎಲ್‌ಇಡಿ ಅಂತಾರಲ್ಲ, ಅದು ಸಾಮಾನ್ಯ ಎಲ್‌ಇಡಿಗಿಂತ ಹೇಗೆ ಬೇರೆ? 5 ವೋಲ್ಟ್ ತಗೊಳ್ಳೋದಾ 12 ವೋಲ್ಟಾ? ನಾನು 100 ಬಲ್ಬಿನ ಸಾಲು ಹಾಕಿದ್ದೀನಿ, ಕೊನೇಲಿ ಬಿಳಿ ಬಣ್ಣ ಕೆಂಪು ತಿರುಗುತ್ತೆ, ಬಲ್ಬ್ ಕಳಪೆನಾ?

ಉತ್ತರ: ಬಲ್ಬ್ ಚೆನ್ನಾಗೇ ಇದೆ, ಕರೆಂಟು ತಲುಪ್ತಿಲ್ಲ. ಮೊದಲಿಂದ ಹೇಳ್ತೀನಿ.

ಪಿಕ್ಸೆಲ್ ಅಂದ್ರೆ ಪ್ರತಿ ಬಲ್ಬಿಗೂ ಒಂದು ಪುಟ್ಟ ಚಿಪ್ ಇರುತ್ತೆ, ಡಬ್ಲ್ಯೂಎಸ್2811, ಡಬ್ಲ್ಯೂಎಸ್2812ಬಿ ಅಂತೆಲ್ಲಾ ಹೆಸರು. ಕಂಟ್ರೋಲರಿಂದ ಒಂದೇ ಡೇಟಾ ವೈರಲ್ಲಿ ಎಲ್ಲಾ ಬಲ್ಬಿನ ಬಣ್ಣ ಸಾಲಾಗಿ ಹೊರಡುತ್ತೆ, ಮೊದಲ ಚಿಪ್ ತನ್ನ 24 ಬಿಟ್ ಇಟ್ಕೊಂಡು ಉಳಿದಿದ್ದನ್ನ ಮುಂದಕ್ಕೆ ಬಿಡುತ್ತೆ, ಎರಡನೇದು ತನ್ನದು ಇಟ್ಕೊಂಡು ಮುಂದಕ್ಕೆ, ಹೀಗೆ. ಹಾಗಾಗಿ ಸೀರಿಯಲ್ ಸೆಟ್ಟಲ್ಲಿ ಮೂರು ಲೈನ್ ಎಳೆದು ಮಾಡ್ತಿದ್ದ ಕೆಲಸ ಇಲ್ಲಿ ಮೂರೇ ವೈರಲ್ಲಿ ಆಗುತ್ತೆ, ಪ್ಲಸ್, ಮೈನಸ್, ಡೇಟಾ, ಪ್ರತಿ ಬಲ್ಬೂ ಸ್ವತಂತ್ರ.

ಈಗ ಕರೆಂಟಿನ ಲೆಕ್ಕ. ಒಂದು ಪಿಕ್ಸೆಲ್ ಪೂರ್ತಿ ಬಿಳಿಯಲ್ಲಿ ಉರಿದ್ರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೆ ಸುಮಾರು 20 ಮಿಲಿಆಂಪ್, ಒಟ್ಟು 60. ನಿಮ್ಮ 100 ಬಲ್ಬಿಗೆ 6 ಆಂಪ್. ಪವರ್ ಸಪ್ಲೈಯಿಂದ ಬಲ್ಬಿನ ಸಾಲಿಗೆ 5 ಮೀಟರ್ ದೂರ ಇದೆ, ವೈರ್ 1 ಚದರ ಮಿಲಿಮೀಟರ್ ದಪ್ಪ ಅಂದ್ಕೊಳ್ಳಿ. ಹೋಗೋಕೆ 5, ಬರೋಕೆ 5, ಒಟ್ಟು 10 ಮೀಟರ್ ತಾಮ್ರ, ಅದರ ರೆಸಿಸ್ಟೆನ್ಸ್ ಸುಮಾರು 0.17 ಓಮ್. 6 ಆಂಪಿಂದ ಗುಣಿಸಿ, 1 ವೋಲ್ಟ್ ವೈರಲ್ಲೇ ಹೋಯ್ತು! 5 ವೋಲ್ಟಲ್ಲಿ 1 ಹೋದ್ರೆ ದೊಡ್ಡ ನಷ್ಟ, 12ರಲ್ಲಿ 1 ಹೋದ್ರೆ ಅಷ್ಟೇನೂ ತೊಂದರೆ ಇಲ್ಲ. ಇದಲ್ಲದೆ ಬಲ್ಬಿಂದ ಬಲ್ಬಿಗೆ ಇರೋ ಸಣ್ಣ ವೈರಲ್ಲೂ ಇಳೀತಾ ಹೋಗುತ್ತೆ. ಕೆಂಪು ಎಲ್‌ಇಡಿ 2 ವೋಲ್ಟ್ ಆಸುಪಾಸಲ್ಲೇ ಉರಿಯುತ್ತೆ, ನೀಲಿ ಮತ್ತೆ ಹಸಿರಿಗೆ 3ರ ಹತ್ರ ಬೇಕು, ಅದಕ್ಕೇ ವೋಲ್ಟೇಜ್ ಬಿದ್ದಾಗ ನೀಲಿ ಹಸಿರು ಮೊದಲು ಸೋಲುತ್ತೆ, ಬಿಳಿ ಕೆಂಪಗಾಗುತ್ತೆ. ನಿಮಗೆ ಆಗಿರೋದು ಇದೇ.

ಪರಿಹಾರ: ಪವರ್ ಸಪ್ಲೈಯಿಂದ ದಪ್ಪ ವೈರ್ ಇನ್ನೊಂದು ಜೊತೆ ಎಳೆದು ಸಾಲಿನ ಕೊನೇಲೂ ಪ್ಲಸ್ ಮೈನಸ್ ಕೊಡಿ, ಉದ್ದ ಜಾಸ್ತಿ ಇದ್ರೆ ಮಧ್ಯದಲ್ಲೂ ಕೊಡಿ, ಪವರ್ ಇಂಜೆಕ್ಷನ್ ಅಂತ ಕರೆಯೋದು ಇದನ್ನೇ. 2.5 ಚದರ ಮಿಲಿಮೀಟರ್ ವೈರ್ ಹಾಕಿದ್ರೆ ಮೇಲಿನ ಲೆಕ್ಕದ 1 ವೋಲ್ಟ್ 0.4ಕ್ಕೆ ಇಳಿಯುತ್ತೆ. ಎರಡು ಪವರ್ ಸಪ್ಲೈ ಇದ್ರೆ ಮೈನಸ್‌ಗಳನ್ನ ಸೇರಿಸ್ಬೇಕು, ಪ್ಲಸ್‌ಗಳನ್ನ ಸೇರಿಸ್ಬಾರ್ದು, ಎಲ್ಲಿ ಒಂದರ ಸರಹದ್ದು ಮುಗಿದು ಇನ್ನೊಂದು ಶುರುವಾಗುತ್ತೋ ಅಲ್ಲಿ ಪ್ಲಸ್ ವೈರ್ ಮಾತ್ರ ಕತ್ತರಿಸಿ. ಪ್ರತಿ ಕವಲಿಗೂ ಒಂದು ಫ್ಯೂಸ್ ಹಾಕಿ, 5 ವೋಲ್ಟ್ ಶಾಕ್ ಹೊಡೆಯಲ್ಲ ಅಂತ ಉದಾಸೀನ ಬೇಡ, 40 ಆಂಪ್ ಕೊಡೋ ಸಪ್ಲೈಯಲ್ಲಿ ಶಾರ್ಟ್ ಆದ್ರೆ ವೈರ್ ಕೆಂಪಗೆ ಕಾಯುತ್ತೆ. ಸಪ್ಲೈಯನ್ನ ಅದರ ಶಕ್ತಿಯ ಶೇಕಡ 80ಕ್ಕಿಂತ ಜಾಸ್ತಿ ದುಡಿಸ್ಬೇಡಿ.

5 ವೋಲ್ಟಾ 12 ವೋಲ್ಟಾ ಅಂದ್ರೆ, ಕಂಟ್ರೋಲರ್ ಪಕ್ಕದಲ್ಲೇ ಚಿಕ್ಕದಾಗಿ ಮಾಡೋದಾದ್ರೆ 5, ಅಂಗಳದುದ್ದಕ್ಕೂ ಹರಡೋದಾದ್ರೆ 12. ಒಂದೊಂದಾಗಿ ವೈರಲ್ಲಿ ತೂಗೋ 12 ವೋಲ್ಟ್ ಬಲ್ಬ್‌ಗಳು ಕೂಡ ಸಾಮಾನ್ಯವಾಗಿ ಅಷ್ಟೇ ಆಂಪ್ ಎಳೀತವೆ, ಮಿಕ್ಕ ವೋಲ್ಟೇಜ್ ಬಿಸಿಯಾಗಿ ಹೋಗುತ್ತೆ, ಅಂದ್ರೆ ವಿದ್ಯುತ್ ಜಾಸ್ತಿ ಖರ್ಚು, ಬದಲಿಗೆ ವೈರಿನ ತಲೆನೋವು ಕಮ್ಮಿ. 12 ವೋಲ್ಟಿನ ಸ್ಟ್ರಿಪ್ (ಎಲ್‌ಇಡಿ ಅಂಟಿಸಿರೋ ಪಟ್ಟಿ) ತಗೊಳ್ಳೋವಾಗ ಮಾತ್ರ ನೋಡ್ಕೊಳ್ಳಿ, ಕೆಲವಲ್ಲಿ ಮೂರು ಎಲ್‌ಇಡಿಗೆ ಒಂದೇ ಚಿಪ್ ಇರುತ್ತೆ, ಮೂರೂ ಒಟ್ಟಿಗೇ ಬಣ್ಣ ಬದಲಾಯಿಸ್ತವೆ.

ಇನ್ನೂ ಒಂದು ಮಾತು. ಕತ್ತಲಲ್ಲಿ ಪೂರ್ತಿ ಹೊಳಪು ಬೇಕಾಗಿಲ್ಲ. ಶೇಕಡ 30ಕ್ಕೆ ಇಳಿಸಿ ನೋಡಿ, ಬಣ್ಣ ಇನ್ನೂ ಗಾಢವಾಗಿ ಕಾಣುತ್ತೆ, ಕಣ್ಣು ಕುಕ್ಕಲ್ಲ, ನಿಮ್ಮ 6 ಆಂಪ್ 2 ಆಂಪ್ ಹತ್ರ ಬರುತ್ತೆ. ಆದ್ರೆ ವೈರು, ಫ್ಯೂಸು ಲೆಕ್ಕ ಮಾತ್ರ ಪೂರ್ತಿ ಬಿಳಿಗೇ ಹಾಕಿ, ಪ್ರೋಗ್ರಾಮ್ ತಪ್ಪಿ ಎಲ್ಲಾ ಒಟ್ಟಿಗೆ ಉರಿದ್ರೂ ಏನೂ ಆಗಬಾರ್ದು.

ಪ್ರಶ್ನೆ: ಎಲ್ಲಾ ಸರಿಯಾಗೇ ಜೋಡಿಸಿದ್ದೀನಿ ಮೇಡಂ/ಸರ್, ಕಂಟ್ರೋಲರ್ ಆಗಿ ಇಎಸ್‌ಪಿ32 ಅನ್ನೋ ಪುಟ್ಟ ಬೋರ್ಡ್, 5 ವೋಲ್ಟ್ ಪಿಕ್ಸೆಲ್. ಒಮ್ಮೆ ಚೆನ್ನಾಗಿ ಓಡುತ್ತೆ, ಒಮ್ಮೆ ಹುಚ್ಚುಹುಚ್ಚಾಗಿ ಬೇರೆ ಬೇರೆ ಬಣ್ಣ ಮಿನುಗುತ್ತೆ. ಕೆಂಪು ಕೊಟ್ರೆ ಹಸಿರು ಬರುತ್ತೆ.

ಉತ್ತರ: ಇವು ಎರಡು ಬೇರೆ ಬೇರೆ ವಿಷಯ. ಕೆಂಪು ಕೊಟ್ರೆ ಹಸಿರು ಬರೋದು ದೋಷಾನೇ ಅಲ್ಲ, ಡಬ್ಲ್ಯೂಎಸ್2812ಬಿ ಚಿಪ್ಪು ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ನೀಲಿ ಅಂತ ಓದುತ್ತೆ, ಸೆಟ್ಟಿಂಗಲ್ಲಿ ಕಲರ್ ಆರ್ಡರ್ ಬದಲಾಯಿಸಿ, ಮುಗೀತು.

ಹುಚ್ಚುಹುಚ್ಚು ಮಿನುಗೋದಕ್ಕೆ ಕಾರಣ ಹೆಚ್ಚಾಗಿ ಸಿಗ್ನಲ್ ಮಟ್ಟ. 5 ವೋಲ್ಟಲ್ಲಿ ಓಡೋ ಆ ಚಿಪ್ಪಿಗೆ ಡೇಟಾ ಹೈ ಅಂತ ಗೊತ್ತಾಗೋಕೆ ಅದರ ವೋಲ್ಟೇಜಿನ 0.7 ಭಾಗ, ಅಂದ್ರೆ 3.5 ವೋಲ್ಟ್ ಬೇಕು ಅಂತ ಡೇಟಾಶೀಟ್ ಹೇಳುತ್ತೆ, ಇಎಸ್‌ಪಿ32 ಕೊಡೋದು 3.3. ಹಾಗಾಗಿ ಕೆಲವೊಮ್ಮೆ ಕೆಲಸ ಮಾಡುತ್ತೆ, ಕೆಲವೊಮ್ಮೆ ಇಲ್ಲ, ಚಳಿ ಬಿಸಿಲು ಬದಲಾದ್ರೂ ವ್ಯತ್ಯಾಸ ಆಗುತ್ತೆ. ಮಧ್ಯೆ 74ಎಎಚ್‌ಸಿಟಿ125 ಥರದ ಒಂದು ಲೆವೆಲ್ ಶಿಫ್ಟರ್ ಐಸಿ ಹಾಕಿ, 3.3 ಹೋಗಿ 5 ಆಗುತ್ತೆ. ಡೇಟಾ ವೈರಿಗೆ ಸಾಲಾಗಿ 220ರಿಂದ 470 ಓಮ್ ಒಳಗಿನ ಒಂದು ರೆಸಿಸ್ಟರ್ ಹಾಕಿ, ಮೊದಲ ಬಲ್ಬಿನ ಹತ್ರ ಪ್ಲಸ್ ಮೈನಸ್ ನಡುವೆ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಬೋರ್ಡಿನ ಗ್ರೌಂಡೂ ಪಿಕ್ಸೆಲ್ ಸಪ್ಲೈಯ ಮೈನಸ್ಸೂ ಒಂದಾಗಿದೆಯಾ ನೋಡಿ, ಅದು ಸೇರಿಸದೇ ಇದ್ರೆ ಉಳಿದಿದ್ದು ಏನು ಮಾಡಿದ್ರೂ ಪ್ರಯೋಜನ ಇಲ್ಲ. ಸ್ಟ್ರಿಪ್ ಮೇಲಿನ ಬಾಣದ ಗುರುತನ್ನೂ ಒಂದ್ಸಲ ನೋಡ್ಕೊಳ್ಳಿ, ಡೇಟಾ ಬಾಣದ ದಿಕ್ಕಲ್ಲೇ ಹೋಗ್ಬೇಕು, ಉಲ್ಟಾ ಕೊಟ್ರೆ ಹತ್ತಲ್ಲ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಸ್ಕೂಲ್ ಪ್ರಾಜೆಕ್ಟಿಗೆ ತಗೊಂಡಿದ್ದ ಆರ್ಡುಯಿನೋ ಊನೋ ಅನ್ನೋ ಕಂಟ್ರೋಲರ್ ಬೋರ್ಡ್ ಇದೆ. ಅದರಲ್ಲೇ ಮಾಡಬಹುದಾ ಅಂಕಲ್?

ಉತ್ತರ: ಖಂಡಿತ ಮಾಡಬಹುದು ಮರಿ. ಊನೋಗೆ 2 ಕಿಲೋಬೈಟ್ ಮೆಮರಿ ಇದೆ, ಒಂದು ಪಿಕ್ಸೆಲಿಗೆ 3 ಬೈಟ್ ಬೇಕು, ಉಳಿದ ಕೆಲಸಕ್ಕೂ ಜಾಗ ಬಿಡ್ಬೇಕು, ಹಾಗಾಗಿ 300 ಪಿಕ್ಸೆಲ್ ಆರಾಮಾಗಿ ನಡೆಸಬಹುದು. ನಿನಗೆ 50 ಸಾಕು. ಒಂದು ಕಿವಿಮಾತು, ಆರ್ಡುಯಿನೋದ 5 ವೋಲ್ಟ್ ಪಿನ್ನಿಂದ ಪಿಕ್ಸೆಲ್‌ಗಳಿಗೆ ಕರೆಂಟ್ ಕೊಡಬೇಡ, ಅದಕ್ಕೆ ಬೇರೆ 5 ವೋಲ್ಟ್ ಅಡಾಪ್ಟರ್ ಇರಲಿ, ಡೇಟಾ ಮತ್ತೆ ಗ್ರೌಂಡ್ ಮಾತ್ರ ಬೋರ್ಡಿಂದ ಹೋಗಲಿ. ಫಾಸ್ಟ್‌ಎಲ್‌ಇಡಿ ಅನ್ನೋ ಲೈಬ್ರರಿ (ಬೇರೆಯವರು ಬರೆದಿಟ್ಟಿರೋ ಸಿದ್ಧ ಕೋಡ್) ಹಾಕ್ಕೊಂಡು ಮೊದಲು ಒಂದೇ ಒಂದು ದೀಪವನ್ನ ಈ ತುದಿಯಿಂದ ಆ ತುದಿಗೆ ಓಡಿಸು. ಆಮೇಲೆ ಅದರ ಹಿಂದೆ ಮಂದವಾಗ್ತಾ ಹೋಗೋ ಬಾಲ ಸೇರಿಸು. ಈ ಎರಡು ಬಂದ್ರೆ ಉಳಿದಿದ್ದೆಲ್ಲಾ ನೀನೇ ಕಂಡುಹಿಡೀತೀಯ. ಪ್ಲಗ್ ಹಾಕೋವಾಗ ದೊಡ್ಡೋರು ಯಾರಾದ್ರೂ ಜೊತೇಲಿರಲಿ.

ಪ್ರಶ್ನೆ: ಕೋಡ್ ಬರೆಯೋಕೆ ಬರಲ್ಲ. ಹಾಡಿಗೆ ಸರಿಯಾಗಿ ದೀಪ ಕುಣಿಸೋ ಶೋ ಮಾಡ್ಬೇಕು ಅಂತ ಆಸೆ. ಯಾವ ಸಾಫ್ಟ್‌ವೇರ್, ಎಷ್ಟು ಕಷ್ಟ?

ಉತ್ತರ: ಕೋಡ್ ಒಂದು ಸಾಲೂ ಬೇಡ. ಹಾಡು ಬೇಡ, ಸುಮ್ಮನೆ ಚೆಂದವಾಗಿ ಓಡ್ತಿದ್ರೆ ಸಾಕು ಅನ್ನೋರಿಗೆ ಡಬ್ಲ್ಯೂಎಲ್‌ಇಡಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಇಎಸ್‌ಪಿ32ಗೆ ಹಾಕಿ ಮೊಬೈಲಿಂದಲೇ ನಡೆಸಬಹುದು, ನೂರಕ್ಕೂ ಜಾಸ್ತಿ ಎಫೆಕ್ಟ್ ಸಿದ್ಧವಾಗಿರ್ತವೆ. ಹಾಡಿಗೆ ಕೂಡಿಸೋಕೆ ಎಕ್ಸ್‌ಲೈಟ್ಸ್, ಇದೂ ಉಚಿತ. ಮನೆಯ ಫೋಟೋ ಹಾಕಿ ಅದರ ಮೇಲೆ ನಿಮ್ಮ ದೀಪಗಳು ಎಲ್ಲೆಲ್ಲಿವೆ ಅಂತ ಗುರುತು ಹಾಕಿದ್ರೆ ಕಂಪ್ಯೂಟರ್ ಪರದೆ ಮೇಲೇ ಶೋ ನೋಡ್ಬಹುದು, ದೀಪ ಕಟ್ಟೋಕೆ ತಿಂಗಳುಗಳ ಮುಂಚೆನೇ ಕೆಲಸ ಶುರು ಮಾಡ್ಬಹುದು. ತಯಾರಾದ ಶೋವನ್ನ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಲ್ಲಿ ಫಾಲ್ಕನ್ ಪ್ಲೇಯರ್ ಅನ್ನೋ ಸಾಫ್ಟ್‌ವೇರ್ ಹಾಕಿ ಓಡಿಸಿದ್ರೆ ಕಂಪ್ಯೂಟರ್ ಆನ್ ಇಡೋ ಅಗತ್ಯ ಇಲ್ಲ, ದಿನಾ ಇಷ್ಟು ಗಂಟೆಗೆ ಶುರು ಇಷ್ಟಕ್ಕೆ ಬಂದ್ ಅಂತ ಟೈಮೂ ಕೊಡ್ಬಹುದು.

ಕಷ್ಟ ಇರೋದು ಸಾಫ್ಟ್‌ವೇರಲ್ಲಿ ಅಲ್ಲ, ಹಾಡು ಕೇಳೋದರಲ್ಲಿ. ಎಕ್ಸ್‌ಲೈಟ್ಸಲ್ಲಿ ಟೈಮಿಂಗ್ ಟ್ರ್ಯಾಕ್ ಅಂತ ಇರುತ್ತೆ, ಹಾಡಿನ ತಾಳ, ಪದ, ವಾದ್ಯ ಎಲ್ಲೆಲ್ಲಿ ಬರುತ್ತೆ ಅಂತ ಗೆರೆ ಹಾಕಿಕೊಳ್ಳೋದು. ನಿಮಿಷಕ್ಕೆ 120 ತಾಳದ ಹಾಡು ಅಂದ್ರೆ ತಾಳಕ್ಕೆ ಅರ್ಧ ಸೆಕೆಂಡ್, ಒಂದು ಫ್ರೇಮ್, ಅಂದ್ರೆ ಆನಿಮೇಷನ್ನಿನ ಒಂದು ಹೆಜ್ಜೆ, 25 ಮಿಲಿಸೆಕೆಂಡ್ ಇಟ್ಕೊಂಡ್ರೆ ಒಂದು ತಾಳಕ್ಕೆ 20 ಫ್ರೇಮ್ ಸಿಗುತ್ತೆ, ಬೇಕಾದಷ್ಟಾಯ್ತು. ಇಲ್ಲಿ ಒಂದು ಮಿತಿ ನೆನಪಿರಲಿ: ಒಂದು ಪಿಕ್ಸೆಲಿಗೆ ಡೇಟಾ ಕಳಿಸೋಕೆ 30 ಮೈಕ್ರೋಸೆಕೆಂಡ್ ಹಿಡಿಯುತ್ತೆ, ಹಾಗಾಗಿ 25 ಮಿಲಿಸೆಕೆಂಡಿನ ಫ್ರೇಮಲ್ಲಿ ಕಂಟ್ರೋಲರಿನ ಒಂದು ಡೇಟಾ ಪಿನ್ನಿಗೆ 800 ಪಿಕ್ಸೆಲ್ ದಾಟಬಾರ್ದು, ಜಾಸ್ತಿ ಇದ್ರೆ ಬೇರೆ ಪಿನ್ನಿಗೆ ಹಂಚಿ. ನೆಟ್‌ವರ್ಕಲ್ಲಿ ಇ1.31 ಅನ್ನೋ ಪದ್ಧತೀಲಿ ಕಳಿಸೋದಾದ್ರೆ ಒಂದು ಯೂನಿವರ್ಸಿಗೆ, ಅಂದ್ರೆ ಡೇಟಾದ ಒಂದು ಕಂತಿಗೆ, 512 ಚಾನೆಲ್, ಪಿಕ್ಸೆಲಿಗೆ ಬಣ್ಣಕ್ಕೊಂದರಂತೆ ಮೂರು ಬೇಕಾದ್ರಿಂದ 170 ಪಿಕ್ಸೆಲ್. ವೈಫೈ ಬದಲು ಕೇಬಲ್ ಎಳೆದ್ರೆ ತಾಳ ತಪ್ಪೋ ಸಂದರ್ಭ ಕಮ್ಮಿ.

ಮೊದಲ ಸಲ ಮಾಡೋರು ಪ್ರತಿ ತಾಳಕ್ಕೂ ಎಲ್ಲಾ ದೀಪ ಹೊಡೆಸಿಬಿಡ್ತಾರೆ, ಅರ್ಧ ನಿಮಿಷಕ್ಕೇ ನೋಡೋರಿಗೆ ಸಾಕಾಗುತ್ತೆ. ಹಾಡಿನ ಪಲ್ಲವಿಗೆ ಒಂದು ಕಿಟಕಿ ಚೌಕಟ್ಟು ಮಾತ್ರ ಉಸಿರಾಡೋ ಹಾಗೆ ಹತ್ತಿ ಆರಲಿ, ಚರಣಕ್ಕೆ ಇನ್ನೊಂದು ಸೇರಲಿ, ಎಲ್ಲಾ ಒಟ್ಟಿಗೆ ಬರೋದನ್ನ ಹಾಡು ಏರೋ ಜಾಗಕ್ಕೆ ಉಳಿಸಿಕೊಳ್ಳಿ. ಅದಕ್ಕಿಂತ ಮುಂಚೆ ಒಂದು ಸೆಕೆಂಡ್ ಪೂರ್ತಿ ಕತ್ತಲೆ ಮಾಡಿ ನೋಡಿ, ಆಮೇಲೆ ಬರೋ ಬೆಳಕಿನ ಶಕ್ತಿನೇ ಬೇರೆ. ಅಮೆರಿಕದ ಒಹಾಯೋ ರಾಜ್ಯದ ಕಾರ್ಸನ್ ವಿಲಿಯಮ್ಸ್ ಅನ್ನೋ ಎಂಜಿನಿಯರ್ 2004ರಲ್ಲಿ ತಮ್ಮ ಮನೆಗೆ 16,000 ಬಲ್ಬ್ ಹಾಕಿ ಮಾಡಿದ ಶೋ ಇಂಟರ್ನೆಟ್ಟಲ್ಲಿ ಲೋಕ ಸುತ್ತಿತು. ಆಗ ಅವರ ಕೈಲಿದ್ದದ್ದು ಬರೀ 88 ಚಾನೆಲ್. ಈಗ 30 ಪಿಕ್ಸೆಲ್ ಇರೋ ಒಂದು ಸ್ಟ್ರಿಪ್ ತುಂಡಲ್ಲಿ 90 ಚಾನೆಲ್ ಇರುತ್ತೆ, ಯೋಚನೆ ಮಾಡಿ.

ಪ್ರಶ್ನೆ: ನಿಧಾನಕ್ಕೆ ಬೆಳಗೋ ಹಾಗೆ ಫೇಡ್ ಇಟ್ಟಿದ್ದೀನಿ, ಆದ್ರೆ ಶುರುವಲ್ಲೇ ಒಮ್ಮೆಲೇ ಬೆಳಕಾಗಿ ಆಮೇಲೆ ಏನೂ ಬದಲಾಗದ ಹಾಗೆ ಕಾಣುತ್ತೆ. ಯಾಕೆ?

ಉತ್ತರ: ನಮ್ಮ ಕಣ್ಣು ಮಂದ ಬೆಳಕಿನ ಸಣ್ಣ ವ್ಯತ್ಯಾಸವನ್ನ ಚೆನ್ನಾಗಿ ಹಿಡಿಯುತ್ತೆ, ಪ್ರಖರ ಬೆಳಕಲ್ಲಿ ಅಷ್ಟೇ ವ್ಯತ್ಯಾಸ ಗೊತ್ತೇ ಆಗಲ್ಲ. 255ರಲ್ಲಿ 128 ಕೊಟ್ರೆ ಅರ್ಧ ಹೊಳಪು ಅಂತ ಕಣ್ಣಿಗೆ ಅನ್ನಿಸಲ್ಲ, ಮುಕ್ಕಾಲು ಅನ್ನಿಸುತ್ತೆ. ಸಾಫ್ಟ್‌ವೇರಲ್ಲಿ ಗಾಮಾ ಕರೆಕ್ಷನ್ ಅಂತ ಇರುತ್ತೆ, ಹೊಳಪು ಕಣ್ಣಿಗೆ ಸಮನಾಗಿ ಏರೋ ಹಾಗೆ ಸರಿಮಾಡೋದು, 2.2ರಿಂದ 2.8ರ ಒಳಗೆ ಇಟ್ಟು ನೋಡಿ.

ಪ್ರಶ್ನೆ: ಮಳೆ ಬಂದ್ರೆ ಏನು ಗತಿ? ಮನೆಯವರು ಹೊರಗೆ ಹಾಕೋದೇ ಬೇಡ ಅಂತಿದ್ದಾರೆ.

ಉತ್ತರ: ಮನೆಯವರ ಭಯ ಸರಿಯಾಗಿದೆ, ಅದನ್ನ ಗೌರವಿಸಿ ಕೆಲಸ ಮಾಡಿ. ಹೊರಗೆ ಕರೆಂಟ್ ಕೊಡೋ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್, ಇರಲೇಬೇಕು, ಇಲ್ಲದೇ ಇದ್ರೆ ಮೊದಲು ಲೈಸೆನ್ಸ್ ಇರೋ ಎಲೆಕ್ಟ್ರೀಷಿಯನ್ ಕರೆಸಿ ಅದನ್ನ ಹಾಕಿಸಿ, ದೀಪ ಆಮೇಲೆ. ಅದರಲ್ಲಿ ಟೆಸ್ಟ್ ಬಟನ್ ಇರುತ್ತೆ, ಒತ್ತಿದ್ರೆ ಟ್ರಿಪ್ ಆಗ್ಬೇಕು. ಪವರ್ ಸಪ್ಲೈ ಒಳಗಿರಲಿ, ಅಥವಾ ಮಳೆ ಬೀಳದ ಕಡೆ ಗಾಳಿ ಆಡೋ ಪೆಟ್ಟಿಗೇಲಿರಲಿ, ತೆರೆದ ಟರ್ಮಿನಲ್‌ಗಳಿಗೆ ಮುಚ್ಚಳ ಇರಲಿ, ಅರ್ಥಿಂಗ್ ತಪ್ಪದೇ ಕೊಡಿ.

ಬಲ್ಬಿನ ವಿಷಯಕ್ಕೆ ಬಂದ್ರೆ ಐಪಿ65 ಅಂದ್ರೆ ಧೂಳು ಒಳಗೆ ಹೋಗಲ್ಲ, ನೀರು ಚಿಮ್ಮಿದ್ರೂ ತಡೆಯುತ್ತೆ, ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡೆಯುತ್ತೆ. ಆದ್ರೆ ನೀವು ಕತ್ತರಿಸಿ ಬೆಸುಗೆ ಹಾಕಿದ ಜಾಗಕ್ಕೆ ಆ ನಂಬರ್ ಅನ್ವಯಿಸಲ್ಲ, ನೀರು ನುಗ್ಗೋದೇ ಅಲ್ಲಿಂದ. ಅಂಟು ಒಳಗಿರೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಸಿಲಿಕೋನ್ ಹಚ್ಚೋದಾದ್ರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದು ತಗೊಳ್ಳಿ, ವಿನೆಗರ್ ವಾಸನೆ ಬರೋ ಸಿಲಿಕೋನ್ ತಾಮ್ರವನ್ನ ತಿಂದುಹಾಕುತ್ತೆ. ಬರೀ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ರೆ ನೀರು ಒಳಗೇ ನಿಂತು ಇನ್ನೂ ಕೆಡುತ್ತೆ. ಪ್ರತಿ ವೈರೂ ಪೆಟ್ಟಿಗೆ ಒಳಗೆ ಹೋಗೋ ಮುಂಚೆ ಒಂದು ಸಲ ಕೆಳಗೆ ಜೋತು ಬಿದ್ದು ಮೇಲೆ ಬರೋ ಹಾಗೆ ಕಟ್ಟಿ, ನೀರು ಆ ಬಾಗಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಏಣಿ ಹತ್ತೋವಾಗ ಒಬ್ಬರು ಹಿಡ್ಕೊಂಡಿರಲಿ, ಗಾಳಿ ಮಳೆ ದಿನ ಹತ್ತಬೇಡಿ.

ಪ್ರಶ್ನೆ: ಪಕ್ಕದ ಮನೆ ಹುಡುಗಿಗೆ ಫಿಟ್ಸ್ ಬರುತ್ತೆ. ನಮ್ಮ ಶೋದಿಂದ ತೊಂದರೆ ಆಗಬಹುದಾ?

ಉತ್ತರ: ಇದನ್ನ ಕೇಳಿದ್ದಕ್ಕೆ ನಿಮಗೆ ನನ್ನ ನಮಸ್ಕಾರ. ಫಿಟ್ಸ್ ಇರೋ ಎಲ್ಲರಿಗೂ ಬೆಳಕಿಂದ ತೊಂದರೆ ಆಗಲ್ಲ, ನೂರರಲ್ಲಿ ಮೂರು ಜನಕ್ಕೆ ಅಂತ ಹೇಳ್ತಾರೆ, ಆದ್ರೆ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಹೆಚ್ಚು. ಸೆಕೆಂಡಿಗೆ 3ರಿಂದ 30 ಸಲ ಮಿಂಚೋ ಬೆಳಕು ಅಪಾಯದ ಸಾಲಿಗೆ ಬರುತ್ತೆ, ಅದರಲ್ಲೂ ಕಡು ಕೆಂಪು. ವೆಬ್‌ಸೈಟ್‌ಗಳಿಗೆ ಇರೋ ನಿಯಮದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿಂಚಬಾರ್ದು ಅಂತಿದೆ, ನೀವೂ ಅದನ್ನೇ ಪಾಲಿಸಿ. ಸಣ್ಣ ದೀಪ ಒಂದರಿಂದ ಒಂದಕ್ಕೆ ಓಡೋದಕ್ಕಿಂತ ಗೋಡೆ ಪೂರ್ತಿ ಒಟ್ಟಿಗೆ ಹತ್ತಿ ಆರೋದು ಹೆಚ್ಚು ಅಪಾಯ, ಪಟಪಟ ಅಂತ ಮಿಂಚೋ ಸ್ಟ್ರೋಬ್ ಎಫೆಕ್ಟನ್ನ ಪಟ್ಟಿಯಿಂದಲೇ ತೆಗೆದುಹಾಕಿ. ಅವರ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಏನು ಮಾಡ್ತಿದ್ದೀರಿ ಅಂತ ಮೊದಲೇ ಹೇಳಿ, ಅವರು ಡಾಕ್ಟರನ್ನ ಕೇಳಿ ಬೇಡ ಅಂದ್ರೆ ಆ ಕಡೆ ಕಿಟಕಿಗೆ ಕಾಣೋ ದೀಪಗಳನ್ನ ಸುಮ್ಮನೆ ಒಂದೇ ಬಣ್ಣದಲ್ಲಿ ನಿಲ್ಲಿಸಿ. ಹಾಗೇ ರಾತ್ರಿ ಎಲ್ಲರೂ ಮಲಗೋ ಹೊತ್ತಿಗೆ ಶೋ ತಾನಾಗೇ ಬಂದ್ ಆಗೋ ಹಾಗೆ ಟೈಮರ್ ಇಡಿ.

ಪ್ರಶ್ನೆ: ಸಾಲಿನ ಮಧ್ಯದಲ್ಲಿ 37ನೇ ಬಲ್ಬಿಂದ ಮುಂದಕ್ಕೆ ಒಂದೂ ಹತ್ತಲ್ಲ. ಇಡೀ ಸಾಲು ಬಿಸಾಕ್ಬೇಕಾ?

ಉತ್ತರ: ಖಂಡಿತ ಬೇಡ. ಡೇಟಾ ಬಲ್ಬಿಂದ ಬಲ್ಬಿಗೆ ಹೋಗೋದ್ರಿಂದ ತಪ್ಪು 37ರಲ್ಲಿ ಇರಬಹುದು, ಇಲ್ಲಾ 36ನೇದು ತಾನು ಚೆನ್ನಾಗಿ ಉರೀತಾ ಮುಂದಕ್ಕೆ ಕೊಡೋದನ್ನ ನಿಲ್ಲಿಸಿರಬಹುದು. ಮೊದಲು ಎರಡರ ಮಧ್ಯದ ಬೆಸುಗೆ ನೋಡಿ, ಅದು ಸರಿಯಿದ್ರೆ ಪ್ಲಗ್ ಕಿತ್ತು 37ನ್ನ ಕತ್ತರಿಸಿ ಹೊಸದು ಹಾಕಿ, ಆಗಲೂ ಹತ್ತದಿದ್ರೆ 36ನ್ನ ಬದಲಾಯಿಸಿ. ಅದಕ್ಕೇ ಕೊಳ್ಳೋವಾಗಲೇ ಅದೇ ವೋಲ್ಟಿನ, ಅದೇ ಚಿಪ್ಪಿನ ಹತ್ತು ಬಲ್ಬ್ ಜಾಸ್ತಿ ತಗೊಂಡಿಡಿ. ಏರಿ ಬದಲಾಯಿಸೋಕೆ ಆಗದ ಎತ್ತರದಲ್ಲಿ ಹಾಕೋದಾದ್ರೆ ಡಬ್ಲ್ಯೂಎಸ್2813 ಅಥವಾ 12 ವೋಲ್ಟಿನ ಡಬ್ಲ್ಯೂಎಸ್2815 ಚಿಪ್ ಇರೋ ಸ್ಟ್ರಿಪ್ ನೋಡಿ, ಅದರಲ್ಲಿ ಎರಡನೇ ಡೇಟಾ ವೈರ್ ಇರುತ್ತೆ, ಒಂದು ಚಿಪ್ ಸತ್ರೂ ಮುಂದಿನದು ಕೆಲಸ ಮಾಡುತ್ತೆ, ಪಕ್ಕಪಕ್ಕದ ಎರಡು ಸತ್ರೆ ಮಾತ್ರ ನಿಲ್ಲುತ್ತೆ. ಹಬ್ಬ ಮುಗಿದು ಬಿಚ್ಚೋವಾಗ ಪ್ರತಿ ಸಾಲಿನ ಡೇಟಾ ಒಳಗೆ ಹೋಗೋ ತುದಿಗೆ ಒಂದು ಚೀಟಿ ಕಟ್ಟಿ, ಯಾವ ಜಾಗದ್ದು, ಯಾವ ಪಿನ್ನಿಂದು, ಎಷ್ಟು ಬಲ್ಬು ಅಂತ ಬರೆದು, ಚೂಪಾಗಿ ಮಡಚದೆ ದೊಡ್ಡ ಸುರುಳಿಯಾಗಿ ಸುತ್ತಿ ಇಡಿ.